ಚೆಕಾವ್ ಓದೋಕೆ ಎಲ್ಲಿಂದ ಶುರು ಮಾಡೋದು? ಹಂತ ಹಂತವಾಗಿ ಹೇಳ್ತೀನಿ

"ಚೆಕಾವ್ ಓದ್ಬೇಕು, ಎಲ್ಲಿಂದ ಶುರು ಮಾಡ್ಲಿ ಹೇಳಿ" ಅಂತ ರಷ್ಯನ್ ಕಥೆಗಾರ, ನಾಟಕಕಾರ ಆಂಟನ್ ಚೆಕಾವ್ ಬಗ್ಗೆ ಕೇಳೋರು ತುಂಬ ಜನ. ಅವರಲ್ಲಿ ಎಷ್ಟೋ ಜನ ಒಂದು ತಿಂಗಳಾದ್ಮೇಲೆ ವಾಪಸ್ ಬಂದು "ಓದಿದೆ, ಚೆನ್ನಾಗೇ ಇದೆ, ಆದ್ರೆ ಕಥೇಲಿ ಏನೂ ನಡೆಯೋದೇ ಇಲ್ವಲ್ಲ" ಅಂತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯೋ ಬದಲು ಒಂದೇ ಕಡೆ ಎಲ್ಲಾ ಬರೆದಿಡ್ತಿದೀನಿ, ಇದನ್ನ ಇಟ್ಕೊಂಡು ಎರಡು ತಿಂಗಳು ನಿಧಾನಕ್ಕೆ ಓದಿದ್ರೆ ಚೆಕಾವ್ ನಿಮಗೆ ಖಂಡಿತ ಸಿಗ್ತಾನೆ.

ಕೈಬಿಡೋರೆಲ್ಲ ಹೆಚ್ಚುಕಮ್ಮಿ ಎರಡೇ ಕಡೆ ಎಡವಿರ್ತಾರೆ. ಒಂದು, ಹೆಸರು ಕೇಳಿದೀವಿ ಅಂತ ಸೀದಾ ದೊಡ್ಡ ನಾಟಕಕ್ಕೆ ಕೈ ಹಾಕಿ, ಹತ್ತು ಪುಟದೊಳಗೆ ಹನ್ನೆರಡು ರಷ್ಯನ್ ಹೆಸರು ಬಂದು ತಲೆ ಕೆಟ್ಟು ಮುಚ್ಚಿಟ್ಟಿರ್ತಾರೆ. ಇನ್ನೊಂದು, ಕೊನೇಲಿ ಏನೋ ಒಂದು ತಿರುವು ಬರುತ್ತೆ ಅಂತ ಕಾಯ್ತಾ ಕಾಯ್ತಾ ಓದಿರ್ತಾರೆ, ಅದು ಬರಲ್ಲ.

ಅದಕ್ಕೇ ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಚೆಕಾವ್‌ನ ಯಾವ ಕಥೆ, ಯಾವ ನಾಟಕ ಓದಿದ್ರೂ ಒಂದು ಪ್ರಶ್ನೆ ಕೇಳ್ಕೊಳ್ತಾ ಓದಿ: ಇಲ್ಲಿ ಯಾರು ಏನೋ ಹೇಳ್ಕೊಳ್ಬೇಕು ಅಂತ ಒದ್ದಾಡ್ತಿದಾರೆ, ಅದು ಯಾರ ಕಿವಿಗೆ ಬೀಳ್ತಿಲ್ಲ? ಈ ಪ್ರಶ್ನೆ ಹಿಡ್ಕೊಂಡ್ರೆ "ಏನೂ ನಡೆಯಲ್ಲ" ಅನ್ನಿಸಿದ ಜಾಗದಲ್ಲೇ ಎಲ್ಲಾ ನಡೀತಿರೋದು ಕಾಣ್ಸುತ್ತೆ. ನಾನು ಎಷ್ಟೋ ವರ್ಷದಿಂದ ಹೀಗೇ ಓದ್ತಿರೋದು.

ಬೇಕಾಗಿರೋದು ಏನು?

ಜಾಸ್ತಿ ಏನಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷ, ಹೆಸರು ಬರ್ಕೊಳ್ಳೋಕೆ ಒಂದು ಹಾಳೆ, ನಾಟಕದ ಹಂತಕ್ಕೆ ಬಂದಾಗ ಜೊತೆಗೆ ಓದೋಕೆ ಒಬ್ಬರು ಸಿಕ್ಕಿದ್ರೆ ಇನ್ನೂ ಒಳ್ಳೇದು. ರಷ್ಯನ್ ಇತಿಹಾಸ ಗೊತ್ತಿರಲೇಬೇಕು ಅಂತೇನಿಲ್ಲ, ಬೇಕಾಗಿರೋ ನಾಲ್ಕು ವಿಷಯ ಇಲ್ಲೇ ಹೇಳ್ತೀನಿ.

ಹಂತ 1: ಪುಸ್ತಕ ಹುಡುಕೋದು

ಕನ್ನಡದಲ್ಲಿ ಈತನ ಹೆಸರನ್ನ ಒಬ್ಬೊಬ್ಬರು ಒಂದೊಂದು ಥರ ಬರೀತಾರೆ: ಚೆಕಾವ್, ಚೆಕಾಫ್, ಚೆಕೋವ್, ಚೆಕೊವ್. ಅಂಗಡೀಲಿ, ಲೈಬ್ರರಿ ಕ್ಯಾಟಲಾಗಲ್ಲಿ, ಆನ್‌ಲೈನಲ್ಲಿ ಹುಡುಕುವಾಗ ಎಲ್ಲಾ ಹಾಕಿ ನೋಡಿ, ಒಂದರಲ್ಲಿ ಸಿಗದೇ ಇದ್ದಿದ್ದು ಇನ್ನೊಂದರಲ್ಲಿ ಸಿಗುತ್ತೆ. ಇಂಗ್ಲಿಷ್ ಓದೋರಿಗೆ ಕಾನ್‌ಸ್ಟನ್ಸ್ ಗಾರ್ನೆಟ್ ಅನುವಾದ ಮಾಡಿರೋ 13 ಸಂಪುಟದ ಕಥೆಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನೋ ವೆಬ್‌ಸೈಟಲ್ಲಿ ಫ್ರೀಯಾಗಿ ಸಿಗ್ತವೆ. ನೂರು ವರ್ಷದ ಹಿಂದಿನ ಇಂಗ್ಲಿಷು, ಸ್ವಲ್ಪ ಹಳೇ ವಾಸನೆ ಇದೆ, ಆದ್ರೆ ಓದಿಸ್ಕೊಂಡು ಹೋಗುತ್ತೆ.

ಇಲ್ಲಿ ಎಚ್ಚರ: ಒಂದೇ ಕಥೆಗೆ ಮೂರ್ನಾಲ್ಕು ಶೀರ್ಷಿಕೆ ಇರುತ್ತೆ. 1886ರ "ತೋಸ್ಕಾ" ಅನ್ನೋ ಕಥೇನ ಇಂಗ್ಲಿಷಲ್ಲಿ ಒಬ್ಬರು ಮಿಸರಿ ಅಂತಾರೆ, ಇನ್ನೊಬ್ಬರು ಹಾರ್ಟೇಕ್ ಅಂತಾರೆ. ತೋಸ್ಕಾ ಅಂದ್ರೆ ಬರೀ ದುಃಖ ಅಲ್ಲ, ಒಳಗೊಳಗೇ ಕೊರೆಯೋ ಸಂಕಟ, ನಮ್ಮಲ್ಲಿ "ಕೊರಗು" ಅಂತೀವಲ್ಲ ಅದಕ್ಕೆ ಹತ್ತಿರ. ಹಾಗಾಗಿ ಶೀರ್ಷಿಕೆ ನೋಡಿ ಹೊಸ ಕಥೆ ಅಂದ್ಕೊಳ್ಬೇಡಿ, ಪಾತ್ರದ ಹೆಸರು ನೋಡಿ. ಇನ್ನೊಂದು, ಮಕ್ಕಳಿಗೆ ಅಂತ ಅರ್ಧ ಮಾಡಿ ಮುದ್ರಿಸಿರೋ "ಸಂಗ್ರಹ" ಕಥೆಗಳನ್ನ ದಯವಿಟ್ಟು ತಗೋಬೇಡಿ. ಚೆಕಾವ್‌ನ ಕಥೇಲಿ ಕತ್ತರಿಸೋಕೆ ಸುಲಭ ಅನ್ನಿಸೋ ಸಾಲುಗಳೇ ಕಥೆಯ ಜೀವ, ಅದನ್ನ ತೆಗೆದ್ರೆ ಬರೀ ಸಾರಾಂಶ ಉಳಿಯುತ್ತೆ.

ಹಂತ 2: ಹೆಸರು ಮತ್ತು ದರ್ಜೆ ಅರ್ಥ ಮಾಡ್ಕೊಳ್ಳೋದು

ರಷ್ಯನ್ ಹೆಸರಿಗೆ ಹೆದರೋದು ಬೇಡ, ನಮಗೆ ಇದು ಬೇರೆಯವರಿಗಿಂತ ಸುಲಭ. ನಾವು ಇನಿಷಿಯಲ್ಲಲ್ಲಿ ಅಪ್ಪನ ಹೆಸರು ಇಟ್ಕೊಳ್ಳೋ ಹಾಗೆ ಅವರು ಅಪ್ಪನ ಹೆಸರನ್ನ ಮಧ್ಯದಲ್ಲಿ ಪೂರ್ತಿಯಾಗೇ ಸೇರಿಸ್ಕೊಳ್ತಾರೆ. ಆಂಟನ್ ಪಾವ್ಲೊವಿಚ್ ಚೆಕಾವ್ ಅಂದ್ರೆ ಪಾವೆಲ್‌ನ ಮಗ ಆಂಟನ್, ಮನೆತನ ಚೆಕಾವ್. ಹೆಣ್ಣುಮಕ್ಕಳಿಗೆ ಅದು "ಓವ್ನಾ", "ಎವ್ನಾ" ಅಂತ ಮುಗಿಯುತ್ತೆ: ಅನ್ನಾ ಸೆರ್ಗೆಯೆವ್ನಾ ಅಂದ್ರೆ ಸೆರ್ಗೇಯ ಮಗಳು. ಗೌರವದಿಂದ ಮಾತಾಡ್ಸುವಾಗ ಮೊದಲ ಹೆಸರು ಮತ್ತು ಅಪ್ಪನ ಹೆಸರು ಎರಡೂ ಸೇರಿಸಿ ಕರೀತಾರೆ, ಮನೇಲಿ ಮುದ್ದಿನ ಹೆಸರು. ಇವಾನ್ ಮನೇಲಿ ವಾನ್ಯಾ ಆಗ್ತಾನೆ, ಚಿಕ್ಕ ಹುಡುಗ ಆದ್ರೆ ವಾಂಕಾ. ಒಂದೇ ಮನುಷ್ಯ ಮೂರು ಹೆಸರಲ್ಲಿ ಬಂದಾಗ ಮೂರು ಜನ ಅಂದ್ಕೊಂಡು ಗೊಂದಲ ಆಗೋದೇ ಹೆಚ್ಚು, ಅದಕ್ಕೇ ಹಾಳೇಲಿ ಬರ್ಕೊಳ್ಳಿ ಅಂದಿದ್ದು.

ಇನ್ನೊಂದು ವಿಷಯ ಇದೆ, ಇದು ಇಂಗ್ಲಿಷಲ್ಲಿ ಓದೋರಿಗೆ ಗೊತ್ತೇ ಆಗಲ್ಲ. ರಷ್ಯನ್‌ನಲ್ಲಿ "ತಿ" ಮತ್ತು "ವಿ" ಅಂತ ಎರಡಿದೆ, ಥೇಟ್ ನಮ್ಮ ನೀನು ಮತ್ತು ನೀವು. ಇಂಗ್ಲಿಷಲ್ಲಿ ಎರಡಕ್ಕೂ ಒಂದೇ ಪದ. ಚೆಕಾವ್ ಎಷ್ಟೋ ಕಡೆ ಇಡೀ ಸಂಬಂಧವನ್ನ ಈ ಒಂದು ಪದದ ಮೇಲೆ ನಿಲ್ಸಿರ್ತಾನೆ, ಅದಕ್ಕೇ ಕನ್ನಡದ ಓದುಗರು ಮನಸ್ಸಲ್ಲೇ "ಇವನು ಈಗ ನೀನು ಅಂದಿರ್ತಾನಾ ನೀವು ಅಂದಿರ್ತಾನಾ" ಅಂತ ಹಾಕ್ಕೊಂಡು ಓದಿದ್ರೆ ತುಂಬ ಲಾಭ.

ದರ್ಜೆ ವಿಷಯ: 1722ರಲ್ಲಿ ಪೀಟರ್ ದೊರೆ ಸರ್ಕಾರಿ ನೌಕರರನ್ನೆಲ್ಲ 14 ದರ್ಜೆಗೆ ಹಂಚಿದ. ಅದರಲ್ಲಿ ಮೇಲಿನ ನಾಲ್ಕು ದರ್ಜೆಯ ಸಿವಿಲ್ ಅಧಿಕಾರಿಗಳನ್ನೂ ಜನ "ಜನರಲ್" ಅಂತಲೇ ಕರೀತಿದ್ರು. ಹಾಗಾಗಿ ಕಥೇಲಿ ಜನರಲ್ ಅಂತ ಬಂದ ತಕ್ಷಣ ಮಿಲಿಟರಿಯವನು ಅಂದ್ಕೊಳ್ಬೇಡಿ, ಇಲಾಖೆಯ ದೊಡ್ಡ ಸಾಹೇಬ ಇರಬಹುದು. ಅಳತೆ ಪದಗಳಲ್ಲಿ ಎರಡು ಸಾಕು: ವೆರ್ಸ್ಟ್ ಅಂದ್ರೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ದೆಸ್ಯಾತಿನಾ ಅಂದ್ರೆ ಸುಮಾರು 2.7 ಎಕರೆ. ರೂಬಲ್‌ಗೆ ನೂರು ಕೊಪೆಕ್. ದಾಚಾ ಅಂದ್ರೆ ಪಟ್ಟಣದವರು ಬೇಸಿಗೆ ಕಳೆಯೋಕೆ ಹೋಗೋ ಹಳ್ಳಿ ಮನೆ.

ಹಂತ 3: ಮೊದಲ ವಾರ, ಐದು ಪುಟ್ಟ ಕಥೆ

ಇದೇ ಕ್ರಮದಲ್ಲಿ ಓದಿ, ದಿನಕ್ಕೆ ಒಂದು: "ಗುಮಾಸ್ತನ ಸಾವು" (1883), "ದಪ್ಪಗಿರೋನು ಮತ್ತು ಸಣಕಲ" (1883), "ಗೋಸುಂಬೆ" (1884), "ವಾಂಕಾ" (1886), "ತೋಸ್ಕಾ" (1886). ಎಲ್ಲಾ ನಾಲ್ಕೈದು ಪುಟದವು.

ಮೊದಲ ಮೂರು ನಗಿಸ್ತವೆ. ಚೆರ್ವ್ಯಾಕೋವ್ ಅನ್ನೋ ಗುಮಾಸ್ತ ನಾಟಕ ನೋಡ್ತಾ ಕೂತಿದ್ದಾಗ ಸೀನ್ತಾನೆ, ಮುಂದಿನ ಸಾಲಲ್ಲಿದ್ದ ಸಾಹೇಬನ ಬೋಳು ತಲೆಗೆ ಹನಿ ಹಾರುತ್ತೆ. ಕ್ಷಮೆ ಕೇಳ್ತಾನೆ, ಸಾಹೇಬ ಪರವಾಗಿಲ್ಲ ಅಂತಾನೆ, ಇವನಿಗೆ ಸಮಾಧಾನ ಇಲ್ಲ, ಮತ್ತೆ ಕೇಳ್ತಾನೆ, ಮನೆಗೆ ಹೋಗಿ ಹೆಂಡತಿ ಹತ್ರ ಹೇಳಿ ಮಾರನೇ ದಿನ ಆಫೀಸಿಗೇ ಹೋಗಿ ಕೇಳ್ತಾನೆ, ಕೊನೆಗೆ ಸಾಹೇಬ ರೇಗಿ ಆಚೆ ಹೋಗು ಅಂದಾಗ ಮನೆಗೆ ಬಂದು ಯೂನಿಫಾರ್ಮ್ ಕೂಡ ಬಿಚ್ಚದೆ ಸೋಫಾ ಮೇಲೆ ಮಲಗಿ ಸತ್ತುಹೋಗ್ತಾನೆ. "ಚೆರ್ವ್" ಅಂದ್ರೆ ರಷ್ಯನ್‌ನಲ್ಲಿ ಹುಳ, ಹೆಸರಲ್ಲೇ ಚೆಕಾವ್ ಹೇಳಿಟ್ಟಿದಾನೆ. "ದಪ್ಪಗಿರೋನು ಮತ್ತು ಸಣಕಲ"ದಲ್ಲಿ ಇಬ್ಬರು ಬಾಲ್ಯದ ಗೆಳೆಯರು ರೈಲ್ವೆ ಸ್ಟೇಷನ್ನಲ್ಲಿ ಸಿಕ್ಕಿ ತಬ್ಕೊಂಡು ನೀನು ನೀನು ಅಂತ ಮಾತಾಡ್ತಿರ್ತಾರೆ, ದಪ್ಪಗಿರೋನು ತನಗಿಂತ ಎಷ್ಟೋ ದರ್ಜೆ ಮೇಲಿದಾನೆ ಅಂತ ಗೊತ್ತಾದ ಕ್ಷಣ ಸಣಕಲನ ಬಾಯಲ್ಲಿ ಆ "ನೀನು" ಸತ್ತೇ ಹೋಗುತ್ತೆ, ಬರೀ "ಮಹಾಸ್ವಾಮಿ" ಶುರುವಾಗುತ್ತೆ. ಗೆಳೆಯ ಬೇಡ ಬೇಡ ಅಂದ್ರೂ ಕೇಳಿಸಲ್ಲ ಅವನಿಗೆ.

"ಗೋಸುಂಬೆ" ಓದುವಾಗ ಇನ್‌ಸ್ಪೆಕ್ಟರ್ ಒಚುಮೇಲೊವ್‌ನ ಓವರ್‌ಕೋಟನ್ನೇ ನೋಡಿ. ಕಚ್ಚಿದ ನಾಯಿ ಜನರಲ್‌ದು ಅಂತ ಯಾರೋ ಅಂದಾಗ "ಸೆಕೆ" ಅಂತ ಬಿಚ್ಚಿಸ್ತಾನೆ, ಅಲ್ಲ ಬೀದಿನಾಯಿ ಅನ್ನಿಸಿ ಮತ್ತೆ ಜನರಲ್‌ದೇ ಇರಬೇಕು ಅಂದಾಗ "ಚಳಿ" ಅಂತ ಹಾಕಿಸ್ಕೊಳ್ತಾನೆ. ಅವನ ಮನಸ್ಸಲ್ಲಿ ಏನು ನಡೀತು ಅಂತ ಚೆಕಾವ್ ಒಂದು ಸಾಲೂ ಬರೆದಿಲ್ಲ, ಕೋಟೇ ಸಾಕು ಅವನಿಗೆ.

"ವಾಂಕಾ"ದಲ್ಲಿ ಒಂಬತ್ತು ವರ್ಷದ ಹುಡುಗ ಮಾಸ್ಕೋದಲ್ಲಿ ಚಮ್ಮಾರನ ಅಂಗಡೀಲಿ ಕೆಲಸಕ್ಕಿದಾನೆ, ಕ್ರಿಸ್‌ಮಸ್ ಹಿಂದಿನ ರಾತ್ರಿ ಅಜ್ಜನಿಗೆ ಕಾಗದ ಬರೀತಾನೆ, ನನ್ನನ್ನ ಇಲ್ಲಿಂದ ಕರ್ಕೊಂಡು ಹೋಗು ಅಂತ. ಕವರ್ ಮೇಲೆ ವಿಳಾಸ ಏನು ಬರೀತಾನೆ ಅನ್ನೋದನ್ನ ನಾನು ಹೇಳಲ್ಲ, ನೀವೇ ಓದಿ.

ಈಗ "ತೋಸ್ಕಾ". ಇದಕ್ಕೆ ಒಂದು ಸಂಜೆ ಪೂರ್ತಿ ಕೊಡಿ, ಎರಡು ಸಲ ಓದಿ. ಪೀಟರ್ಸ್‌ಬರ್ಗ್, ಮುಸ್ಸಂಜೆ, ಹಿಮ ಬೀಳ್ತಿದೆ. ಇಯೋನಾ ಪೊತಾಪೊವ್ ಅನ್ನೋ ಮುದುಕ ಜಟಕಾದವನು (ಚಳಿಗಾಲ ಅಲ್ವಾ, ಚಕ್ರದ ಗಾಡಿ ಅಲ್ಲ, ಹಿಮದ ಮೇಲೆ ಜಾರೋ ಸ್ಲೆಜ್) ಬೆಳ್ಳಗಾಗಿ ಗಾಡಿ ಮೇಲೆ ಕೂತಿದಾನೆ, ಕುದುರೇನೂ ಬೆಳ್ಳಗಾಗಿದೆ. ಅವನ ಮಗ ಆ ವಾರವೇ ತೀರ್ಕೊಂಡಿದಾನೆ. ಒಬ್ಬ ಮಿಲಿಟರಿ ಆಫೀಸರ್ ಹತ್ತುತ್ತಾನೆ, ಇಯೋನಾ ಹಿಂದಕ್ಕೆ ತಿರುಗಿ "ಸ್ವಾಮಿ, ಈ ವಾರ ನನ್ನ ಮಗ ಸತ್ತೋದ" ಅಂತಾನೆ. ಆಫೀಸರ್ "ಹ್ಞೂಂ, ಏನಾಗಿತ್ತು" ಅಂತ ಕೇಳ್ತಾನೆ. ನೋಡಿ, ಕೇಳಿಬಿಟ್ಟ ಅಂತ ನಮಗೆ ಜೀವ ಬರುತ್ತೆ. ಇಯೋನಾ ಮೈ ಪೂರ್ತಿ ತಿರುಗಿಸಿ ಹೇಳೋಕೆ ಶುರು ಮಾಡ್ತಾನೆ, ಜ್ವರ ಇರಬೇಕು, ಮೂರು ದಿನ ಆಸ್ಪತ್ರೇಲಿದ್ದ ಅಂತ, ಅಷ್ಟರಲ್ಲಿ ಕತ್ತಲಲ್ಲಿ ಯಾರೋ "ನೋಡ್ಕೊಂಡು ಹೊಡಿಯೋ" ಅಂತ ಬೈತಾರೆ, ಆಫೀಸರ್ ಬೇಗ ಹೋಗು ಅಂತ ಹೇಳಿ ಕಣ್ಣು ಮುಚ್ಕೊಳ್ತಾನೆ. ಮುಗೀತು. ಆಮೇಲೆ ಮೂರು ಜನ ಕುಡಿದ ಹುಡುಗರು, ಅವರಲ್ಲೊಬ್ಬ ಗೂನು ಬೆನ್ನಿನವನು "ಎಲ್ಲಾರೂ ಸಾಯೋರೇ" ಅಂತಾನೆ. ಆಮೇಲೆ ಒಬ್ಬ ಕಾವಲಿನವನು, ಆಮೇಲೆ ತಂಗೋ ಜಾಗದಲ್ಲಿ ನೀರು ಕುಡಿಯೋಕೆ ಎದ್ದ ಒಬ್ಬ ಹುಡುಗ, ಅವನು ಮುಸುಕು ಹಾಕಿ ಮಲಗಿಬಿಡ್ತಾನೆ.

ಇಲ್ಲಿ ಚೆಕಾವ್ ಒಂದು ಪಟ್ಟಿ ಕೊಡ್ತಾನೆ, ಇಯೋನಾಗೆ ಏನೇನು ಹೇಳ್ಕೊಳ್ಬೇಕಿದೆ ಅಂತ: ಮಗ ಹೇಗೆ ಮಲಗಿದ, ಎಷ್ಟು ಒದ್ದಾಡಿದ, ಸಾಯೋ ಮುಂಚೆ ಏನಂದ, ಹೇಗೆ ಸತ್ತ, ಮಣ್ಣು ಮಾಡಿದ್ದು ಹೇಗೆ, ಸತ್ತವನ ಬಟ್ಟೆ ತರೋಕೆ ಆಸ್ಪತ್ರೆಗೆ ಹೋಗಿದ್ದು. ಆ ಬಟ್ಟೆ ತರೋಕೆ ಹೋಗಿದ್ದು ಅನ್ನೋದನ್ನ ಗಮನಿಸಿ. ಸಾವು ಕಂಡಿರೋ ಯಾವ ಮನೆಯವರಿಗಾದ್ರೂ ಗೊತ್ತು, ಎಲ್ಲಾ ಮುಗಿದ ಮೇಲೆ ಅಂಥ ಒಂದು ಸಣ್ಣ ಕೆಲಸ ಉಳಿದಿರುತ್ತೆ, ಅದು ಜನ್ಮದಲ್ಲಿ ಮರೆಯಲ್ಲ. ಕಥೆ ಕೊನೇಲಿ ಇಯೋನಾ ಲಾಯಕ್ಕೆ ಹೋಗಿ ಹುಲ್ಲು ತಿಂತಿರೋ ತನ್ನ ಕುದುರೆಗೆ ಹೇಳ್ತಾನೆ. ಕುದುರೆ ಅಗೀತಾ ಕೇಳ್ತಾ ಅವನ ಕೈ ಮೇಲೆ ಉಸಿರು ಬಿಡುತ್ತೆ.

ಸಾಮಾನ್ಯ ತಪ್ಪು: ಕೊನೆ ಸಾಲು ಓದಿ ಕಣ್ಣೊರೆಸ್ಕೊಂಡು ಮುಂದೆ ಹೋಗ್ಬಿಡೋದು. ಎರಡನೇ ಓದಲ್ಲಿ ಆ ಆಫೀಸರ್ ಕೆಟ್ಟವನಾ ಅಂತ ನೋಡಿ. ಅಲ್ಲ. ಅವನಿಗೆ ಲೇಟಾಗ್ತಿತ್ತು ಅಷ್ಟೇ. ಚೆಕಾವ್‌ನಲ್ಲಿ ಖಳನಾಯಕರು ತುಂಬ ಕಮ್ಮಿ, ಅವಸರದಲ್ಲಿರೋರು ತುಂಬ ಜಾಸ್ತಿ.

ಹಂತ 4: ಈಗ ಜೀವನ ಓದಿ, ಮೊದಲೇ ಬೇಡ

ಜೀವನಚರಿತ್ರೆ ಮೊದಲು ಓದಿದ್ರೆ ಕಥೆ ತುಂಬ ಅವನನ್ನೇ ಹುಡುಕ್ತಾ ಕೂರ್ತೀವಿ. ಐದು ಕಥೆ ಆದ್ಮೇಲೆ ಇಷ್ಟು ತಿಳ್ಕೊಂಡ್ರೆ ಸಾಕು.

ಹುಟ್ಟಿದ್ದು 1860ರ ಜನವರಿ, ಅಜೋವ್ ಸಮುದ್ರದ ಪಕ್ಕ ತಗನ್‌ರೋಗ್ ಅನ್ನೋ ಬಂದರು ಊರು. ಅಜ್ಜ ಜೀತದಾಳು, 1841ರಲ್ಲಿ 3,500 ರೂಬಲ್ ಕೊಟ್ಟು ತನ್ನನ್ನೂ ಸಂಸಾರವನ್ನೂ ಬಿಡಿಸ್ಕೊಂಡ. ರಷ್ಯಾದಲ್ಲಿ ಜೀತ ಕಾನೂನಾಗಿ ಹೋಗಿದ್ದು 1861ರಲ್ಲಿ, ಅಂದ್ರೆ ಚೆಕಾವ್ ಹುಟ್ಟಿ ಒಂದು ವರ್ಷ ಆದ್ಮೇಲೆ. ಅಪ್ಪ ದಿನಸಿ ಅಂಗಡಿ ಇಟ್ಟಿದ್ದ, ಚರ್ಚಲ್ಲಿ ಹಾಡಿಸ್ತಿದ್ದ, ಮಕ್ಕಳಿಗೆ ಹೊಡೀತಿದ್ದ. 1876ರಲ್ಲಿ ಸಾಲ ತೀರಿಸೋಕಾಗದೆ ಅಪ್ಪ ಮಾಸ್ಕೋಗೆ ಓಡಿಹೋದಾಗ ಹದಿನಾರರ ಆಂಟನ್ ಒಬ್ಬನೇ ಊರಲ್ಲುಳಿದು ಟ್ಯೂಷನ್ ಹೇಳ್ಕೊಂಡು ಸ್ಕೂಲು ಮುಗಿಸಿದ.

1879ರಲ್ಲಿ ಮಾಸ್ಕೋ ಯೂನಿವರ್ಸಿಟೀಲಿ ಮೆಡಿಕಲ್ ಸೇರ್ಕೊಂಡ, 1884ರಲ್ಲಿ ಡಾಕ್ಟರ್ ಆದ. ಓದ್ತಿದ್ದಾಗಲೇ ಮನೆ ನಡೆಸೋಕೆ ಅಂತೋಶಾ ಚೆಖೊಂಟೆ ಅನ್ನೋ ಹೆಸರಲ್ಲಿ ಹಾಸ್ಯಪತ್ರಿಕೆಗಳಿಗೆ ಬರೀತಿದ್ದ, ಅಲ್ಲಿ ನೂರು ಸಾಲಿನ ಮಿತಿ, ಅವನ ಬರವಣಿಗೇಲಿ ಒಂದು ಪದವೂ ಹೆಚ್ಚಿಲ್ಲ ಅನ್ನಿಸೋ ಬಿಗಿ ಬಂದಿದ್ದು ಅಲ್ಲಿಂದಲೇ. 1886ರಲ್ಲಿ ಗ್ರಿಗೊರೊವಿಚ್ ಅನ್ನೋ ಹಿರಿಯ ಲೇಖಕರು ಕಾಗದ ಬರೆದು, ನಿನಗೆ ನಿಜವಾದ ಪ್ರತಿಭೆ ಇದೆ, ಅವಸರಕ್ಕೆ ಬರೆದು ಹಾಳು ಮಾಡ್ಕೊಬೇಡ ಅಂದ್ರು. 1888ರಲ್ಲಿ ಪುಶ್ಕಿನ್ ಬಹುಮಾನ ಬಂತು.

1890ರಲ್ಲಿ ಮಾಡಿದ ಕೆಲಸ ನನಗೆ ಈಗಲೂ ಆಶ್ಚರ್ಯ. ಆರು ವರ್ಷದಿಂದ ಆಗಾಗ ಕೆಮ್ಮಿದಾಗ ರಕ್ತ ಬೀಳ್ತಿತ್ತು, ಅಂಥ ಮನುಷ್ಯ ಸೈಬೀರಿಯಾ ದಾಟಿ, ಇನ್ನೂ ರೈಲಿಲ್ಲದ ಕಾಲದಲ್ಲಿ ಕುದುರೆಗಾಡೀಲಿ ಕೆಸರಲ್ಲಿ ಹೂತುಕೊಂಡು, ಸಖಾಲಿನ್ ಅನ್ನೋ ಕೈದಿಗಳ ದ್ವೀಪಕ್ಕೆ ಹೋದ. ಮೂರು ತಿಂಗಳು ಮನೆಮನೆ ಸುತ್ತಿ ಸುಮಾರು ಹತ್ತು ಸಾವಿರ ಜನರ ವಿವರ ಕಾರ್ಡಲ್ಲಿ ಬರ್ಕೊಂಡ. ಯಾರೂ ಕೇಳದ ಜನ, ಅವರನ್ನ ಕೇಳೋಕೆ ಅಂತಲೇ ಹೋದ. ವಾಪಸ್ ಬರುವಾಗ ಹಡಗು ನಮ್ಮ ಪಕ್ಕದ ಕೊಲಂಬೊಗೂ ಬಂದಿತ್ತು, ಹಡಗಲ್ಲಿ ಸತ್ತವರನ್ನ ಸಮುದ್ರಕ್ಕೆ ಬಿಟ್ಟಿದ್ದನ್ನ ನೋಡಿ "ಗೂಸೆವ್" ಅನ್ನೋ ಕಥೆ ಬರೆದ.

1892ರಿಂದ ಮಾಸ್ಕೋ ಹತ್ರ ಮೆಲಿಖೊವೊ ಅನ್ನೋ ಹಳ್ಳೀಲಿದ್ದ, ಕಾಲರಾ ಟೈಮಲ್ಲಿ ಸುತ್ತಲಿನ ಹಳ್ಳಿಗಳಿಗೆ ಡಾಕ್ಟರಾಗಿ ಓಡಾಡಿದ, ಮೂರು ಶಾಲೆ ಕಟ್ಟಿಸಿದ. 1897ರಲ್ಲಿ ಕ್ಷಯ ಅಂತ ಖಚಿತವಾಯ್ತು, ಆಮೇಲೆ ಕಪ್ಪು ಸಮುದ್ರದ ದಡದ ಯಾಲ್ಟಾದಲ್ಲಿ ಮನೆ. 1901ರಲ್ಲಿ ನಟಿ ಓಲ್ಗಾ ಕ್ನಿಪ್ಪರ್ ಜೊತೆ ಮದುವೆ. 1904ರ ಜುಲೈನಲ್ಲಿ ಜರ್ಮನಿಯ ಬಾಡೆನ್‌ವೈಲರಲ್ಲಿ ತೀರ್ಕೊಂಡ, 44 ವರ್ಷ.

ಎಚ್ಚರ: ತಾರೀಖುಗಳು ಎರಡು ಥರ ಕಾಣ್ತವೆ. ಆಗ ರಷ್ಯಾದಲ್ಲಿ ಹಳೇ ಕ್ಯಾಲೆಂಡರ್ ಇತ್ತು, 19ನೇ ಶತಮಾನಕ್ಕೆ 12 ದಿನ, 20ಕ್ಕೆ 13 ದಿನ ಹಿಂದೆ. ಹುಟ್ಟಿದ ದಿನ ಒಂದು ಕಡೆ ಜನವರಿ 17, ಇನ್ನೊಂದು ಕಡೆ 29 ಅಂತಿದ್ರೆ ಎರಡೂ ಸರಿಯೇ.

ಹಂತ 5: ಸ್ವಲ್ಪ ದೊಡ್ಡ ಕಥೆಗಳು

"ವಾರ್ಡ್ ನಂಬರ್ 6" (1892) ಓದಿ. ಹುಚ್ಚರ ವಾರ್ಡಲ್ಲಿರೋ ಒಬ್ಬ ರೋಗಿ ಜೊತೆ ಮಾತ್ರ ಬುದ್ಧಿ ಇರೋ ಮಾತಾಡ್ಬಹುದು ಅಂತ ಡಾಕ್ಟರ್ ರಾಗಿನ್‌ಗೆ ಅನ್ಸುತ್ತೆ, ಅಲ್ಲಿಗೆ ಹೋಗಿ ಕೂರ್ತಿದಾನೆ ಅಂತ ಊರವರು ಅವನನ್ನೇ ಹುಚ್ಚ ಅನ್ನೋಕೆ ಶುರು ಮಾಡ್ತಾರೆ. ಇದು ಭಾರವಾದ ಕಥೆ, ರಾತ್ರಿ ಮಲಗೋ ಮುಂಚೆ ಬೇಡ. ಆಮೇಲೆ "ವಿದ್ಯಾರ್ಥಿ" (1894), ಮೂರ್ನಾಲ್ಕೇ ಪುಟ. ಹೊರಗೆ ಬೆಂಕಿ ಕಾಯಿಸ್ತಿರೋ ಇಬ್ಬರು ವಿಧವೆಯರಿಗೆ ಒಬ್ಬ ಹುಡುಗ ಹಳೇ ಬೈಬಲ್ ಕಥೆ ಹೇಳ್ತಾನೆ, ಅವರು ಕೇಳ್ತಾರೆ, ನಿಜವಾಗ್ಲೂ ಕೇಳ್ತಾರೆ, ಒಬ್ಬಳ ಕಣ್ಣಲ್ಲಿ ನೀರು ಬರುತ್ತೆ. ಚೆಕಾವ್‌ಗೆ ತನ್ನ ಕಥೆಗಳಲ್ಲಿ ಇದೇ ತುಂಬ ಇಷ್ಟ ಇತ್ತು. "ತೋಸ್ಕಾ" ಓದಿ ಬಂದಿರೋದ್ರಿಂದ ಅದ್ಯಾಕೆ ಅಂತ ನಿಮಗೆ ಬಿಡಿಸಿ ಹೇಳ್ಬೇಕಾಗಿಲ್ಲ.

1898ರ ಮೂರು ಕಥೆ "ಚೀಲದೊಳಗಿನ ಮನುಷ್ಯ", "ಗೂಸ್‌ಬೆರಿ", "ಪ್ರೀತಿಯ ಬಗ್ಗೆ" ಒಂದರ ಹಿಂದೆ ಒಂದು ಬರೋವು, ಬಿಡಿಬಿಡಿಯಾಗಿ ಓದ್ಬೇಡಿ. ಒಂದೊಂದರಲ್ಲೂ ಒಬ್ಬ ಕಥೆ ಹೇಳ್ತಾನೆ, ಒಬ್ಬರೋ ಇಬ್ಬರೋ ಕೇಳ್ತಾರೆ. ಕೇಳೋರು ಕೇಳಿದ ಮೇಲೆ ಏನು ಮಾಡ್ತಾರೆ ಅಂತ ನೋಡಿ.

ಹಂತ 6: ಒಂದು ಮೀನಿನ ಮಾತು

"ನಾಯಿ ಜೊತೆಗಿನ ಮಹಿಳೆ" (1899) ಚೆಕಾವ್‌ನ ತುಂಬ ಪ್ರಸಿದ್ಧ ಕಥೆ, ಮದುವೆಯಾದ ಗೂರೊವ್ ಯಾಲ್ಟಾದಲ್ಲಿ ಮದುವೆಯಾದ ಅನ್ನಾ ಸೆರ್ಗೆಯೆವ್ನಾಳನ್ನ ಭೇಟಿ ಆಗ್ತಾನೆ, ಬರೀ ಒಂದು ಸಂಬಂಧ ಅಂದ್ಕೊಂಡಿದ್ದು ಮಾಸ್ಕೋಗೆ ಬಂದಮೇಲೆ ಬಿಡದೆ ಕಾಡುತ್ತೆ. ಯಾರಿಗೂ ಹೇಳೋ ಹಾಗಿಲ್ಲ. ಒಂದು ರಾತ್ರಿ ಕ್ಲಬ್ಬಿಂದ ಆಚೆ ಬರ್ತಾ ತಡ್ಕೊಳ್ಳೋಕಾಗದೆ ಜೊತೇಲಿ ಇಸ್ಪೀಟಾಡಿದ ಒಬ್ಬ ಅಧಿಕಾರಿಗೆ "ಯಾಲ್ಟಾದಲ್ಲಿ ಎಂಥ ಹೆಂಗಸಿನ ಪರಿಚಯ ಆಯ್ತು ಗೊತ್ತಾ" ಅಂದುಬಿಡ್ತಾನೆ. ಆ ಮನುಷ್ಯ ಸ್ಲೆಜ್ ಹತ್ತಿ ಹೊರಡ್ತಾನೆ, ಸ್ವಲ್ಪ ದೂರ ಹೋಗಿ ತಿರುಗಿ "ದ್ಮಿತ್ರಿ ದ್ಮಿತ್ರಿಚ್" ಅಂತ ಗೂರೊವ್‌ನ ಹೆಸರು ಹಿಡಿದು ಕೂಗ್ತಾನೆ. ಏನು ಅಂದ್ರೆ, "ನೀವು ಆಗ ಹೇಳಿದ್ದು ಸರಿ, ಆ ಮೀನು ಸ್ವಲ್ಪ ವಾಸನೆ ಬಂದಿತ್ತು."

ಕಥೆ ತಿರುಗೋದು ಇಲ್ಲೇ. ಗೂರೊವ್‌ಗೆ ತಾನು ಬದುಕ್ತಿರೋ ಬದುಕು ಎಷ್ಟು ಬರಡು ಅಂತ ಹೊಳೆದು, ಆ ರಾತ್ರಿ ನಿದ್ದೆ ಬರಲ್ಲ, ಆಮೇಲೆ ಅವಳನ್ನ ಹುಡುಕ್ಕೊಂಡು ಹೋಗ್ತಾನೆ. ಅವಸರದಲ್ಲಿ ಓದೋರು ಈ ಮೀನಿನ ಸಾಲನ್ನ ದಾಟಿ ಹೋಗ್ತಾರೆ, ಆಮೇಲೆ "ಇವನು ಯಾಕೆ ದಿಢೀರ್ ಅಂತ ಬದಲಾದ" ಅಂತ ಕೇಳ್ತಾರೆ. ನನ್ನ ಸಲಹೆ, ಚೆಕಾವ್‌ನಲ್ಲಿ ಊಟ, ಹವಾಮಾನ, ಬೂಟು, ಕೋಟು ಬಂದ ಕಡೆಯೆಲ್ಲ ಪೆನ್ಸಿಲಲ್ಲಿ ಗೆರೆ ಎಳೀರಿ.

ಹಂತ 7: ನಾಟಕಗಳು

ಮೊದಲು ಒಂದು ಅಂಕದ "ಮದುವೆ ಪ್ರಸ್ತಾಪ" ಓದಿ. ಹೆಣ್ಣು ಕೇಳೋಕೆ ಬಂದವನು ಹುಡುಗಿ ಜೊತೆ ಒಂದು ಹುಲ್ಲುಗಾವಲು ಯಾರದು ಅಂತ ಜಗಳಕ್ಕೆ ಬಿದ್ದು, ಆಮೇಲೆ ಯಾರ ನಾಯಿ ಮೇಲು ಅಂತ ಜಗಳ ಆಡ್ತಾನೆ. ಇದನ್ನ ಜೋರಾಗಿ ಓದಿ, ಮನೇಲಿ ಇಬ್ಬರು ಮೂವರು ಪಾತ್ರ ಹಂಚ್ಕೊಂಡು.

ಆಮೇಲೆ ದೊಡ್ಡವು ನಾಲ್ಕು, ಈ ಕ್ರಮದಲ್ಲಿ: "ವಾನ್ಯಾ ಮಾವ", "ಚೆರ್ರಿ ತೋಪು", "ಮೂವರು ಸೋದರಿಯರು", ಕೊನೆಗೆ "ಕಡಲ ಹಕ್ಕಿ". ಬರೆದ ಕ್ರಮ ಇದಲ್ಲ, ಓದೋಕೆ ಇದು ಸುಲಭ. ಅಂದ ಹಾಗೆ ವಾನ್ಯಾ ಆ ನಾಟಕದ ಹುಡುಗಿ ಸೋನ್ಯಾಳ ತಾಯಿಯ ಅಣ್ಣತಮ್ಮ, ಸೋದರಮಾವ. ಇಂಗ್ಲಿಷಿನ ಅಂಕಲ್‌ನಲ್ಲಿ ಹೋಗಿದ್ದ ಆ ಸಂಬಂಧ ನಮ್ಮ "ಮಾವ" ಅನ್ನೋ ಪದದಲ್ಲಿ ಪೂರ್ತಿ ಬರುತ್ತೆ.

ಪ್ರತಿ ನಾಟಕಕ್ಕೂ ಮೊದಲು ಹಾಳೇಲಿ ಸಂಬಂಧ ಬರ್ಕೊಳ್ಳಿ, ಯಾರು ಯಾರಿಗೆ ಏನು, ದುಡ್ಡು ಯಾರ ಹತ್ರ ಇದೆ, ಮನೆ ಯಾರ ಹೆಸರಲ್ಲಿದೆ. ಹದಿನೈದು ನಿಮಿಷದ ಕೆಲಸ, ಎರಡು ಗಂಟೆ ಉಳಿಯುತ್ತೆ.

ನಾಟಕದ ವಿಷಯದಲ್ಲಿ "ಸಬ್‌ಟೆಕ್ಸ್ಟ್" ಅನ್ನೋ ಪದ ಕೇಳಿರ್ತೀರಿ, ಅಂದ್ರೆ ಒಳಮಾತು: ಬಾಯಲ್ಲಿ ಒಂದು, ಒಳಗೆ ಇನ್ನೊಂದು. ಉದಾಹರಣೆಗೆ "ಚೆರ್ರಿ ತೋಪು" ಕೊನೇ ಅಂಕ. ವ್ಯಾಪಾರಿ ಲೊಪಾಖಿನ್ ಈಗ ಆ ಮನೆಯ ಸಾಕುಮಗಳು ವಾರ್ಯಾಳನ್ನ ಮದುವೆ ಆಗ್ತೀಯಾ ಅಂತ ಕೇಳ್ಬೇಕು, ಎಲ್ಲಾರೂ ಅದಕ್ಕೇ ಕಾಯ್ತಿದಾರೆ, ಇಬ್ಬರನ್ನೇ ಬಿಟ್ಟು ಹೋಗಿದಾರೆ. ಅವಳು ಸಾಮಾನಲ್ಲಿ ಏನೋ ಹುಡುಕ್ತಾಳೆ. ಅವನು ಹೋದ ವರ್ಷ ಇಷ್ಟೊತ್ತಿಗೆ ಹಿಮ ಬಿದ್ದಿತ್ತು, ಈಗ ಮೂರು ಡಿಗ್ರಿ ಚಳಿ ಇದೆ ಅಂತಾನೆ. ಅವಳು ನಾನು ನೋಡಿಲ್ಲ, ನಮ್ಮ ಥರ್ಮಾಮೀಟರ್ ಒಡೆದುಹೋಗಿದೆ ಅಂತಾಳೆ. ಸ್ವಲ್ಪ ಹೊತ್ತು ಮಾತಿಲ್ಲ. ಆಚೆಯಿಂದ ಯಾರೋ ಕರೀತಾರೆ, ಅವನು ಹೋಗಿಬಿಡ್ತಾನೆ. ಇಬ್ಬರ ಬದುಕೂ ಆ ಥರ್ಮಾಮೀಟರ್ ಹತ್ರ ಮುಗೀತು. ಅದಕ್ಕೇ "ವಿರಾಮ" ಅಂತ ಬ್ರಾಕೆಟಲ್ಲಿ ಬಂದ ಕಡೆ ದಯವಿಟ್ಟು ನಿಲ್ಲಿ, ಮನಸ್ಸಲ್ಲಿ ಐದರವರೆಗೂ ಎಣಿಸಿ ಮುಂದಿನ ಸಾಲಿಗೆ ಹೋಗಿ.

ನಾವು ಹಿಡ್ಕೊಂಡ ಪ್ರಶ್ನೆ ಇಲ್ಲೂ ಕೆಲಸ ಮಾಡುತ್ತೆ. ಲೊಪಾಖಿನ್ ಮೊದಲ ಅಂಕದಲ್ಲೇ ಹೇಳ್ತಾನೆ, ಆಗಸ್ಟ್ 22ಕ್ಕೆ ಸಾಲಕ್ಕಾಗಿ ಎಸ್ಟೇಟ್ ಹರಾಜು, ತೋಪು ಕಡಿದು ದಾಚಾಗಳಿಗೆ ಜಾಗ ಬಾಡಿಗೆ ಕೊಡಿ, ವರ್ಷಕ್ಕೆ 25,000 ರೂಬಲ್ ಬರುತ್ತೆ ಅಂತ. ಯಾರೂ ಕಿವಿಗೆ ಹಾಕ್ಕೊಳಲ್ಲ, ಮನೆಯೊಡತಿ ರಾನೆವ್ಸ್ಕಾಯಾಳ ಅಣ್ಣ ಗಾಯೆವ್ ನೂರು ವರ್ಷದ ಹಳೇ ಬೀರುಗೆ ಭಾಷಣ ಮಾಡ್ತಾನೆ. "ವಾನ್ಯಾ ಮಾವ"ದಲ್ಲಿ ಡಾಕ್ಟರ್ ಆಸ್ತ್ರೊವ್ ಐವತ್ತು ವರ್ಷದಲ್ಲಿ ಕಾಡು ಹೇಗೆ ಕರಗಿತು ಅಂತ ನಕ್ಷೆ ಬಿಡಿಸಿ ತೋರಿಸ್ತಿರ್ತಾನೆ, ಎದುರು ಕೂತು ಕೇಳ್ತಿರೋ ಯೆಲೇನಾಳ ಮನಸ್ಸು ಬೇರೆಲ್ಲೋ. "ಮೂವರು ಸೋದರಿಯರು"ನಲ್ಲಿ ಅವರ ಸೋದರ ಆಂದ್ರೇಯ್ ತನ್ನ ಮನಸ್ಸಿನ ಮಾತೆಲ್ಲ ಹೇಳ್ಕೊಳ್ಳೋದು ಕಿವಿ ಕೇಳದ ಮುದುಕ ಫೆರಾಪೊಂತ್ ಹತ್ರ, ನಿನಗೆ ಸರಿಯಾಗಿ ಕೇಳಿಸ್ತಿದ್ರೆ ಬಹುಶಃ ನಾನು ಹೇಳ್ತಾನೇ ಇರ್ಲಿಲ್ಲ ಅಂತಾನೆ.

ಎಚ್ಚರ: "ಕಡಲ ಹಕ್ಕಿ" ಮತ್ತು "ಚೆರ್ರಿ ತೋಪು" ಎರಡಕ್ಕೂ ಚೆಕಾವ್ ಕಾಮಿಡಿ ಅಂತಲೇ ಬರೆದ. ನಿರ್ದೇಶಕ ಸ್ತಾನಿಸ್ಲಾವ್ಸ್ಕಿ "ಚೆರ್ರಿ ತೋಪ"ನ್ನ ದುರಂತ ಅಂತ ತಗೊಂಡು ಆಡಿಸಿದಾಗ ಅವನಿಗೆ ಸಿಟ್ಟೇ ಬಂತು. ಹಾಗಾಗಿ ನಗು ಬಂದ ಕಡೆ ನಗಿ, ತಪ್ಪೇನಿಲ್ಲ. "ಕಡಲ ಹಕ್ಕಿ" 1896ರಲ್ಲಿ ಪೀಟರ್ಸ್‌ಬರ್ಗಲ್ಲಿ ಮೊದಲ ರಾತ್ರಿ ಪೂರ್ತಿ ಮಕಾಡೆ ಮಲಗಿತು, ಎರಡು ವರ್ಷ ಆದ್ಮೇಲೆ ಮಾಸ್ಕೋ ಆರ್ಟ್ ಥಿಯೇಟರ್ ಅದನ್ನೇ ಗೆಲ್ಲಿಸಿ, ಆ ಹಕ್ಕಿಯನ್ನೇ ತಮ್ಮ ಗುರುತು ಮಾಡ್ಕೊಂಡ್ರು. ಒಂದೇ ನಾಟಕ, ಆಡಿದ ರೀತಿ ಬೇರೆ.

ಹಂತ 8: ಚೆಕಾವ್ ಹೆಸರಲ್ಲಿ ಓಡಾಡೋ ಮಾತುಗಳು

"ಗೋಡೆ ಮೇಲೆ ಬಂದೂಕು ಇದ್ರೆ ಅದು ಸಿಡೀಲೇಬೇಕು" ಅನ್ನೋ ಮಾತು ಅವನದ್ದೇ, ಬೇರೆ ಬೇರೆ ಪದಗಳಲ್ಲಿ ಹೇಳಿದಾನೆ. ಆದ್ರೆ "ಚೆರ್ರಿ ತೋಪು"ನಲ್ಲಿ ಒಂದು ಬಂದೂಕು, ಒಂದು ರಿವಾಲ್ವರ್ ಬರ್ತವೆ, ಎರಡೂ ಸಿಡಿಯಲ್ಲ. ಅವನ ಮಾತನ್ನ ಕಾನೂನು ಮಾಡ್ಕೊಳ್ಬೇಡಿ. "ಚಂದ್ರ ಹೊಳೀತಿದೆ ಅಂತ ಹೇಳ್ಬೇಡ, ಒಡೆದ ಗಾಜಲ್ಲಿ ತೋರಿಸು" ಅನ್ನೋದು ಆ ರೂಪದಲ್ಲಿ ಅವನು ಬರೆದಿದ್ದಲ್ಲ, 1886ರಲ್ಲಿ ಅಣ್ಣ ಅಲೆಕ್ಸಾಂಡರ್‌ಗೆ ಬರೆದ ಕಾಗದದಲ್ಲಿ ಒಡೆದ ಬಾಟಲಿ ಚೂರು ನಕ್ಷತ್ರದ ಹಾಗೆ ಮಿಂಚಿತು ಅನ್ನೋ ವಿವರ ಇದೆ, ಅದನ್ನ ಯಾರೋ ಸುಭಾಷಿತ ಮಾಡಿದಾರೆ. ನಿಜವಾಗ್ಲೂ ಉಪಯೋಗಕ್ಕೆ ಬರೋ ಮಾತು 1888ರಲ್ಲಿ ಪ್ರಕಾಶಕ ಸುವೋರಿನ್‌ಗೆ ಬರೆದಿದ್ದು: ಸಮಸ್ಯೆ ಬಿಡಿಸೋದು ಬೇರೆ, ಸಮಸ್ಯೆಯನ್ನ ಸರಿಯಾಗಿ ಮುಂದಿಡೋದು ಬೇರೆ, ಕಲಾವಿದನ ಕೆಲಸ ಎರಡನೆಯದು ಅಂತ. ಕಥೆ ಮುಗಿದಾಗ ಉತ್ತರ ಸಿಗಲಿಲ್ಲ ಅಂತ ಬೇಜಾರಾದ್ರೆ ಇದನ್ನ ನೆನಪು ಮಾಡ್ಕೊಳ್ಳಿ.

ಹಂತ 9: ಕೊನೆಗೆ ಇಟ್ಕೊಳ್ಳಿ, "ಬಿಷಪ್"

1902ರದ್ದು, ಚೆಕಾವ್ ತಾನೇ ಸಾವಿನ ಹತ್ರ ಇದ್ದಾಗ ಬರೆದಿದ್ದು. ಇದನ್ನ ಕೊನೆಗೇ ಓದಿ ಅಂತ ಯಾಕೆ ಹೇಳ್ತಿದೀನಿ ಅಂದ್ರೆ, ಇಷ್ಟು ಹೊತ್ತು ನಾವು ಕಲಿತಿದ್ದೆಲ್ಲ ಇಲ್ಲಿ ಬೇಕು, ಹೆಸರು, ದರ್ಜೆ, ನೀನು ನೀವು, ಎಲ್ಲಾ.

ಬಿಷಪ್ ಪ್ಯೋತ್ರ್ ಕಾಯಿಲೆ ಬಿದ್ದಿದಾನೆ, ಈಸ್ಟರ್ ಹಿಂದಿನ ವಾರ. ಎಷ್ಟೋ ವರ್ಷ ಆದ್ಮೇಲೆ ಅಮ್ಮ ನೋಡೋಕೆ ಬಂದಿದಾಳೆ. ಬಡವಿ, ಮಗ ದೊಡ್ಡ ಮನುಷ್ಯ ಆಗಿಬಿಟ್ಟಿದಾನೆ, ಬೇರೆಯವರ ಜೊತೆ ಸಲೀಸಾಗಿ ಹರಟೆ ಹೊಡೀತಾಳೆ, ಹೆತ್ತ ಮಗನ ಎದುರಿಗೆ ಮಾತ್ರ ಸಂಕೋಚದಿಂದ "ನೀವು" ಅಂತಾಳೆ. ಅವನಿಗೆ ಒಳಗೊಳಗೇ ಎಷ್ಟು ನೋವು, ಹೇಳ್ಕೊಳ್ಳೋಕಾಗಲ್ಲ. ಕನ್ನಡದಲ್ಲಿ ಓದೋರಿಗೆ ಇದನ್ನ ವಿವರಿಸಬೇಕಾಗೇ ಇಲ್ಲ. ಸಾಯೋ ಹೊತ್ತಲ್ಲಿ ಅವನು ಸಣ್ಣಗಾಗಿ ಮುದುಡಿಹೋಗಿದ್ದನ್ನ ನೋಡಿ ಅಮ್ಮನಿಗೆ ಬಿಷಪ್ ಅನ್ನೋದೇ ಮರೆತುಹೋಗುತ್ತೆ, ಮಗು ಅನ್ನೋ ಹಾಗೆ ಮುತ್ತಿಟ್ಟು ಅವನ ಹಳೇ ಹೆಸರು ಹಿಡಿದು "ಪಾವ್ಲುಶಾ, ನನ್ನ ಕಂದ" ಅಂತಾಳೆ. ಆಗ ಅವನಿಗೆ ಮಾತು ನಿಂತುಹೋಗಿದೆ.

ಅಲ್ಲಿಗೇ ಪುಸ್ತಕ ಮುಚ್ಬೇಡಿ, ಇನ್ನೊಂದು ಪ್ಯಾರಾ ಇದೆ. ಒಂದು ತಿಂಗಳಲ್ಲಿ ಹೊಸ ಬಿಷಪ್ ಬರ್ತಾನೆ, ಹಳಬನನ್ನ ಎಲ್ಲಾರೂ ಮರೀತಾರೆ. ಅಮ್ಮ ದೂರದ ಊರಲ್ಲಿ ಅಳಿಯನ ಮನೇಲಿದಾಳೆ. ಸಂಜೆ ಹಸು ಹೊಡ್ಕೊಂಡು ಬರೋಕೆ ಹೋದಾಗ ಹುಲ್ಲುಗಾವಲಲ್ಲಿ ಬೇರೆ ಹೆಂಗಸರ ಹತ್ರ ಮಕ್ಕಳು ಮೊಮ್ಮಕ್ಕಳ ಮಾತಾಡ್ತಾ, ನನಗೂ ಒಬ್ಬ ಮಗ ಇದ್ದ, ಬಿಷಪ್ ಆಗಿದ್ದ ಅಂತಾಳೆ, ನಂಬ್ತಾರೋ ಇಲ್ವೋ ಅಂತ ಹೆದರ್ಕೊಂಡೇ ಹೇಳ್ತಾಳೆ. ನಿಜಕ್ಕೂ ಕೆಲವರು ನಂಬಲ್ಲ.